ಮೋರ್‌ಕಮ್: ಗಿರಾಕಿಗಳು ಹೋದರು, ಕೋಣೆಗಳು ಉಳಿದವು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಲ್ಯಾಂಕಶೈರ್ ಕರಾವಳಿಯಲ್ಲಿ ಮೋರ್‌ಕಮ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 35,000. ಕಡಲಿಗೆ ಮುಖ ಮಾಡಿ ಉದ್ದಕ್ಕೆ ಹಬ್ಬಿಕೊಂಡಿದೆ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ, ಮತ್ತೆ ಎರಡನೇ ಯುದ್ಧ ಮುಗಿದ ಮೇಲಿನ ಹತ್ತಿಪ್ಪತ್ತು ವರ್ಷ, ಬೇಸಿಗೆ ಬಂತೆಂದರೆ ಇಲ್ಲಿ ಜನವೋ ಜನ. ಅವರಿಗಾಗಿ ಕಟ್ಟಿದ ಮನೆಗಳು ಇವತ್ತೂ ನಿಂತಿವೆ. ಅಂಥ ಮನೆಗಳೇ ತುಂಬಿರುವ ವೆಸ್ಟ್ ಎಂಡ್ ಎಂಬ ಬಡಾವಣೆಯ ಬೀದಿಗಳು ಈಗ ಇಂಗ್ಲೆಂಡಿನಲ್ಲಿ ಅತಿ ಹಿಂದುಳಿದ ಶೇಕಡಾ 10ರಷ್ಟು ಜಾಗಗಳ ಪಟ್ಟಿಯಲ್ಲಿವೆ.

ಯಾಕೆ ಹೀಗಾಯಿತು ಅಂತ ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ. ವಿಮಾನದ ಟಿಕೆಟ್ ಅಗ್ಗವಾಯಿತು, ಜನ ಬಿಸಿಲು ಹುಡುಕಿಕೊಂಡು ಸ್ಪೇನಿಗೆ ಹೋದರು. ಇದು ನಿಜವೇ. ಆದರೆ ಜನ ಯಾಕೆ ಹೋದರು ಅನ್ನುವುದಕ್ಕಷ್ಟೇ ಇದು ಉತ್ತರ. ಅವರು ಹೋಗಿ ಐವತ್ತು ವರ್ಷವಾದರೂ ಊರು ಯಾಕೆ ಎದ್ದು ನಿಲ್ಲಲಿಲ್ಲ ಅನ್ನುವುದು ಬೇರೆಯೇ ಪ್ರಶ್ನೆ. ಮೋರ್‌ಕಮ್‌ನ ಕತೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ಕಾಯಿಲೆ ಇದ್ದದ್ದು ಹಿಂದಿನ ಬೀದಿಗಳ ಮನೆಗಳಲ್ಲಿ, ಮದ್ದು ಹಚ್ಚುತ್ತಾ ಬಂದದ್ದು ಕಡಲ ದಂಡೆಗೆ.

ಕೊಲ್ಲಿ ಕೊಟ್ಟಿದ್ದು, ಕೊಡದೇ ಇದ್ದದ್ದು

ಊರಿನ ಎದುರಿಗಿರುವುದು ಮೋರ್‌ಕಮ್ ಕೊಲ್ಲಿ. ಲೆವೆನ್, ಕೆಂಟ್, ಕೀರ್, ಲೂನ್, ವಾಯರ್ ಎಂಬ ಐದು ನದಿಗಳು ಬಂದು ಇದನ್ನು ಸೇರುತ್ತವೆ. ಸುಮಾರು 310 ಚದರ ಕಿಲೋಮೀಟರ್ ಮರಳು ಮತ್ತು ಕೆಸರು. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಬಯಲಾಗುವ ಇಷ್ಟು ದೊಡ್ಡ ಜಾಗ ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ.

ಇಲ್ಲಿಯ ಉಬ್ಬರ ಇಳಿತದ ಲೆಕ್ಕ ನಮ್ಮ ಕರಾವಳಿಯವರಿಗೆ ನಂಬಲು ಕಷ್ಟ. ಮಂಗಳೂರು, ಕಾರವಾರದ ಕಡೆ ಹುಣ್ಣಿಮೆ ಅಮಾವಾಸ್ಯೆಗೂ ನೀರು ಏರಿಳಿಯುವುದು ಎರಡು ಮೀಟರಿನ ಆಸುಪಾಸು. ಮೋರ್‌ಕಮ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನ ಅದು 10 ಮೀಟರ್ ಮುಟ್ಟುತ್ತದೆ. ಇಳಿತದಲ್ಲಿ ನೀರು ಹತ್ತು ಹನ್ನೆರಡು ಕಿಲೋಮೀಟರ್ ಹಿಂದೆ ಸರಿಯುತ್ತದೆ. ವಾಪಸ್ ಬರುವಾಗ ಎದುರಿನಿಂದ ಅಲೆ ಅಲೆಯಾಗಿ ಬಂದರೆ ನೋಡಿ ಓಡಬಹುದು. ಆದರೆ ಅದು ಮೊದಲು ತಗ್ಗಿನ ಕಾಲುವೆಗಳಿಗೆ ನುಗ್ಗುತ್ತದೆ, ಹಿಂದಿನಿಂದ ಸುತ್ತಿಕೊಂಡು ಬರುತ್ತದೆ. ಮರಳು ದಿಬ್ಬದ ಮೇಲೆ ನಿಂತವನಿಗೆ ದಡದ ದಾರಿ ಮುಚ್ಚಿದ್ದು ಗೊತ್ತಾಗುವ ಹೊತ್ತಿಗೆ ಸುತ್ತ ನೀರಿರುತ್ತದೆ. ಅದರ ಮೇಲೆ, ಕಾಲಿಟ್ಟರೆ ಒಳಗೆಳೆದುಕೊಳ್ಳುವ ಮರಳು ಬೇರೆ. ಅದು ಇವತ್ತು ಇದ್ದ ಕಡೆ ನಾಳೆ ಇರುವುದಿಲ್ಲ.

ಕೊಲ್ಲಿಯನ್ನು ನಡೆದು ದಾಟುವುದು ತುಂಬಾ ಹಳೆಯ ರೂಢಿ. 1857ರಲ್ಲಿ ಆಚೆ ದಡದುದ್ದಕ್ಕೂ ರೈಲು ಬರುವ ತನಕ ಕುದುರೆ ಬಂಡಿಗಳೂ ಮರಳಿನ ಮೇಲೆಯೇ ಹೋಗುತ್ತಿದ್ದವು. ದಾರಿ ತೋರಿಸಲು ರಾಜಮನೆತನ ನೇಮಿಸುವ ಒಬ್ಬ ಮಾರ್ಗದರ್ಶಿ ಇರುತ್ತಾನೆ. 16ನೇ ಶತಮಾನದಿಂದ ಬಂದ ಹುದ್ದೆ ಇದು. ಸಂಬಳ ವರ್ಷಕ್ಕೆ 15 ಪೌಂಡ್, ಜೊತೆಗೆ ಇರಲು ಒಂದು ಮನೆ. ಸೆಡ್ರಿಕ್ ರಾಬಿನ್‌ಸನ್ ಎಂಬ ಮೀನುಗಾರ 1963ರಿಂದ 2019ರವರೆಗೆ ಈ ಕೆಲಸ ಮಾಡಿದರು. ಕೆಲಸದ ರೀತಿ ನೋಡಿ. ಮುಂಚಿತವಾಗಿ ಹೋಗಿ, ಕೋಲಿನಿಂದ ಮರಳು ಒತ್ತಿ ನೋಡಿ, ನದಿ ಎಲ್ಲಿ ಆಳವಿಲ್ಲ ಅಂತ ಹುಡುಕಬೇಕು. ಗಟ್ಟಿ ನೆಲ ಸಿಕ್ಕಿದ ಕಡೆ ಲಾರೆಲ್ ಗಿಡದ ಎಲೆ ತುಂಬಿದ ಕೊಂಬೆ ನೆಡಬೇಕು. ಇದಕ್ಕೆ ಅಲ್ಲಿಯವರು ಬ್ರಾಬ್ ಅನ್ನುತ್ತಾರೆ. ಲಾರೆಲ್ಲೇ ಯಾಕೆ ಅಂದರೆ, ಎಷ್ಟು ಸಲ ಉಬ್ಬರ ಬಂದು ಹೋದರೂ ಅದರ ಎಲೆ ಬೇಗ ಉದುರುವುದಿಲ್ಲ. ದೂರದಿಂದ ಕಾಣುತ್ತದೆ. ನದಿ ಪಾತ್ರ ಬದಲಿಸಿದರೆ ಕೊಂಬೆ ಕಿತ್ತು ಬೇರೆ ಕಡೆ ನೆಡಬೇಕು.

ನದಿ ಪಾತ್ರ ಬದಲಾಗುವುದು ಇಲ್ಲಿ ಸಣ್ಣ ಸಂಗತಿ ಅಲ್ಲ. ಕೊಲ್ಲಿಯ ಆಚೆ ದಡದಲ್ಲಿ ಗ್ರೇಂಜ್-ಓವರ್-ಸ್ಯಾಂಡ್ಸ್ ಎಂಬ ಇನ್ನೊಂದು ಕಡಲೂರಿದೆ. ಕೆಂಟ್ ನದಿಯ ಹರಿವು ಆ ಕಡೆಯಿಂದ ದೂರ ಸರಿಯಿತು, ಹುಲ್ಲು ಬೆಳೆಯಿತು. ಕಡಲು ನೋಡಲು ಕಟ್ಟಿದ ಕಾಲುದಾರಿಯ ಎದುರಿಗೆ ಈಗ ಹುಲ್ಲುಗಾವಲು, ಅದರಲ್ಲಿ ಮೇಯುವ ಕುರಿಗಳು.

ಈ ಭೂಗೋಳ ಪ್ರವಾಸೋದ್ಯಮಕ್ಕೆ ಏನು ಮಾಡಿತು ಅನ್ನುವುದನ್ನು ಮೊದಲು ಗಮನಿಸಬೇಕು. ಈಜಲು ಬಂದವರಿಗೆ ದಿನದ ಹೆಚ್ಚು ಹೊತ್ತು ನೀರೇ ಇಲ್ಲ, ಇರುವುದು ಕೆಸರು. ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಬ್ಲ್ಯಾಕ್‌ಪೂಲ್ ಇದೆ. ಅಲ್ಲಿ ತೆರೆದ ಕಡಲು, ಮೈಲುಗಟ್ಟಲೆ ಮರಳು ದಂಡೆ. ಮೋರ್‌ಕಮ್‌ಗೆ ಆ ಭಾಗ್ಯ ಇಲ್ಲ. ಬದಲಿಗೆ ಇಲ್ಲಿರುವುದು ನೋಟ. ಕೊಲ್ಲಿಯಾಚೆ ಲೇಕ್ ಡಿಸ್ಟ್ರಿಕ್ಟ್‌ನ ಬೆಟ್ಟಗಳ ಸಾಲು, ಅದರ ಪಕ್ಕಕ್ಕೆ ಇಳಿಯುವ ಸೂರ್ಯ. ಇಂಗ್ಲೆಂಡಿನ ಯಾವ ಕಡಲೂರಿನಲ್ಲೂ ಇದಕ್ಕಿಂತ ಚೆಂದದ ನೋಟ ಇದೆ ಅಂತ ನನಗೆ ಅನಿಸುವುದಿಲ್ಲ. ಚಳಿಗಾಲದಲ್ಲಿ ಲಕ್ಷಗಟ್ಟಲೆ ನೀರುಹಕ್ಕಿಗಳು ಈ ಕೆಸರಿನ ಹುಳು ಚಿಪ್ಪು ತಿನ್ನಲು ಬರುತ್ತವೆ. ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಈ ಕೊಲ್ಲಿ ಇದೆ.

ಇನ್ನೊಂದು ತೊಡಕು ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಒಳನಾಡಿನ ಊರಿಗೆ ನಾಲ್ಕೂ ದಿಕ್ಕಿನಿಂದ ಗಿರಾಕಿ ಬರುತ್ತಾರೆ. ಕಡಲೂರಿಗೆ ಒಂದು ಕಡೆ ಪೂರ್ತಿ ನೀರು. ಮೋರ್‌ಕಮ್‌ಗೆ ಎದುರಿನ ದಡ ಕಣ್ಣಿಗೆ ಕಾಣುತ್ತದೆ, ನೇರ ಹೋದರೆ ಹತ್ತು ಹದಿನೈದು ಕಿಲೋಮೀಟರ್, ಆದರೆ ರಸ್ತೆಯಲ್ಲಿ ಕೊಲ್ಲಿ ಸುತ್ತಿ ಹೋಗಲು ಅದರ ಮೂರು ಪಟ್ಟು ಆಗುತ್ತದೆ. ಎಂ6 ಹೆದ್ದಾರಿ ಊರಿನ ಪೂರ್ವಕ್ಕೆ ಹಾದುಹೋಗುತ್ತದೆ. ಅದರ ಮೇಲೆ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗುವ ಪ್ರವಾಸಿಗರ ಕಾರುಗಳು ನಿಲ್ಲದೇ ಮುಂದೆ ಹೋಗುತ್ತವೆ. ಹೆದ್ದಾರಿಯಿಂದ ಈ ಕಡೆಗೆ ಸರಿಯಾದ ಜೋಡಿ ರಸ್ತೆ ಬಂದದ್ದು 2016ರಲ್ಲಿ.

ರೈಲು ಹುಟ್ಟಿಸಿದ ಊರು

ಮೋರ್‌ಕಮ್ ಅನ್ನುವ ಹೆಸರಿನ ಊರೇ ಮೊದಲು ಇರಲಿಲ್ಲ. ಪೌಲ್ಟನ್-ಲ-ಸ್ಯಾಂಡ್ಸ್, ಬೇರ್, ಟಾರಿಸ್‌ಹೋಮ್ ಅಂತ ಮೂರು ಹಳ್ಳಿಗಳಿದ್ದವು. ಸಿಗಡಿ ಮತ್ತು ಮೀನು ಹಿಡಿದು ಬದುಕುವ ಜನ. 1848ರಲ್ಲಿ ಲ್ಯಾಂಕ್ಯಾಸ್ಟರ್‌ನಿಂದ ಇಲ್ಲಿಗೆ ರೈಲು ಹಾಕಿದರು. ಅದರ ಉದ್ದೇಶ ಬಂದರು, ಐರ್ಲೆಂಡಿಗೆ ಸರಕು. 1850ಕ್ಕೆ ಹಳಿ ಸ್ಕಿಪ್ಟನ್ ಮುಟ್ಟಿ ಯಾರ್ಕ್‌ಶೈರ್‌ನ ಉಣ್ಣೆ ಗಿರಣಿಗಳ ಊರುಗಳಿಗೆ ಕೂಡಿಕೊಂಡಿತು. ಅಲ್ಲಿಂದ ಕತೆ ಬದಲಾಯಿತು. ಬ್ರಾಡ್‌ಫರ್ಡ್, ಲೀಡ್ಸ್‌ನ ಗಿರಣಿ ಕೆಲಸಗಾರರಿಗೆ ಒಂದೇ ರೈಲಿನಲ್ಲಿ ಕಡಲು ಸಿಕ್ಕಿತು. ರೈಲು ಕಂಪನಿಯ ಹಡಗುಗಳು 1904ರಲ್ಲಿ ಪಕ್ಕದ ಹೀಶಮ್‌ಗೆ ಹೋದವು, ಕಾರಣ ಇಲ್ಲಿಯ ನೀರು ಆಳ ಇಲ್ಲ. ಪ್ರವಾಸಿಗರು ಉಳಿದರು. ಊರಿಗೆ 'ಕಡಲ ಬದಿಯ ಬ್ರಾಡ್‌ಫರ್ಡ್' ಅಂತ ಹೆಸರೇ ಬಿತ್ತು. ಅಧಿಕೃತವಾಗಿ ಮೋರ್‌ಕಮ್ ಅಂತ ಆದದ್ದು 1889ರಲ್ಲಿ.

ಗಿರಣಿ ಊರುಗಳಲ್ಲಿ ವೇಕ್ಸ್ ವಾರ ಅಂತ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಇಡೀ ಊರಿನ ಗಿರಣಿಗಳು ಒಟ್ಟಿಗೆ ಮುಚ್ಚುತ್ತಿದ್ದವು. ಬಾಯ್ಲರ್ ರಿಪೇರಿ ಆಗಬೇಕು, ಕೆಲಸಗಾರರಿಗೆ ರಜೆಯೂ ಸಿಗಬೇಕು. ಎಲ್ಲ ಊರೂ ಒಂದೇ ವಾರ ಮುಚ್ಚುತ್ತಿರಲಿಲ್ಲ, ಸರದಿ ಇತ್ತು. ಕಡಲೂರಿನವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಈ ವಾರ ಒಂದು ಊರು, ಮುಂದಿನ ವಾರ ಇನ್ನೊಂದು. ಬೀದಿಗೆ ಬೀದಿಯೇ ಒಟ್ಟಿಗೆ ಬರುತ್ತಿತ್ತು. ಪ್ರತಿ ವರ್ಷ ಅದೇ ಮನೆ, ಅದೇ ಕೋಣೆ. ಗಿರಾಕಿಯನ್ನು ಹುಡುಕುವ ಕೆಲಸವೇ ಇರಲಿಲ್ಲ. 1938ರ ಸಂಬಳ ಸಹಿತ ರಜೆಯ ಕಾನೂನು ಬಂದ ಮೇಲೆ, ಯುದ್ಧ ಮುಗಿದದ್ದೇ ತಡ, ನೂಕುನುಗ್ಗಲು ಇನ್ನೂ ಹೆಚ್ಚಾಯಿತು.

ಈ ಜನರನ್ನು ಇಟ್ಟುಕೊಳ್ಳಲು ಬೋರ್ಡಿಂಗ್ ಹೌಸ್‌ಗಳು ಎದ್ದವು. ಮೂರು ನಾಲ್ಕು ಅಂತಸ್ತು, ಕಿರಿದಾದ ಮುಂಭಾಗ, ಒಳಗೆ ಸಣ್ಣ ಸಣ್ಣ ಕೋಣೆಗಳು. ನಡೆಸುತ್ತಿದ್ದವರು ಬಹುಪಾಲು ಹೆಂಗಸರು. ಇಂಗ್ಲೆಂಡಿನ ಈ ಕಡಲೂರುಗಳಲ್ಲಿ ಹಿಂದೆ ಒಂದು ಏರ್ಪಾಡಿತ್ತು. ಬಂದವರು ಮಾಂಸ, ತರಕಾರಿ ತಾವೇ ಕೊಂಡು ತಂದು ಮನೆಯೊಡತಿಗೆ ಕೊಡುವುದು, ಅವಳು ಬೇಯಿಸಿ ಬಡಿಸುವುದು. ಬಿಲ್ಲಿನಲ್ಲಿ ಕೋಣೆ ಬಾಡಿಗೆ, ಅಡುಗೆ ಕೂಲಿ, ಜೊತೆಗೆ ಮೇಜಿನ ಮೇಲಿಟ್ಟ ಉಪ್ಪು ಮೆಣಸಿನ ಡಬ್ಬಿಗೂ ಬೇರೆ ಕಾಸು! ಲಾಭ ಅಷ್ಟು ತೆಳುವಾಗಿತ್ತು. ನಾಲ್ಕೈದು ತಿಂಗಳ ಗಳಿಕೆಯಲ್ಲಿ ಹನ್ನೆರಡು ತಿಂಗಳು ದೂಡಬೇಕಿತ್ತು. ಮನೆ ರಿಪೇರಿಗೆ ಅಂತ ಗಂಟು ಕೂಡಿಡುವ ಸ್ಥಿತಿ ಅವರದ್ದಾಗಿರಲಿಲ್ಲ. ಮುಂದೆ ಆದದ್ದಕ್ಕೆ ಇದು ಮುಖ್ಯ.

ನೀರು ಕೈಕೊಡುವ ಊರಾದ್ದರಿಂದ ಮೋಜಿನದ್ದೆಲ್ಲ ಕಟ್ಟಿಯೇ ಮಾಡಬೇಕಿತ್ತು. 1869ರಲ್ಲಿ ಸೆಂಟ್ರಲ್ ಪಿಯರ್, 1896ರಲ್ಲಿ ವೆಸ್ಟ್ ಎಂಡ್ ಪಿಯರ್: ಕಡಲಿನೊಳಗೆ ಚಾಚಿದ ಎರಡು ಅಟ್ಟಣೆಗಳು. 1897ರಲ್ಲಿ ವಿಂಟರ್ ಗಾರ್ಡನ್ಸ್‌ನ ದೊಡ್ಡ ರಂಗಮಂದಿರ. 1933ರಲ್ಲಿ ಮಿಡ್‌ಲ್ಯಾಂಡ್ ಹೋಟೆಲ್. 1936ರಲ್ಲಿ ಸುಮಾರು 120 ಮೀಟರ್ ಉದ್ದದ ಬಯಲು ಈಜುಕೊಳ, ಸೂಪರ್ ಸ್ವಿಮ್ಮಿಂಗ್ ಸ್ಟೇಡಿಯಂ. ಮಿಸ್ ಗ್ರೇಟ್ ಬ್ರಿಟನ್ ಸ್ಪರ್ಧೆ 1945ರಲ್ಲಿ ಶುರುವಾದದ್ದು ಇಲ್ಲೇ.

ಮಿಡ್‌ಲ್ಯಾಂಡ್ ಹೋಟೆಲ್ ಬಗ್ಗೆ ಎರಡು ಮಾತು ಜಾಸ್ತಿ ಹೇಳುತ್ತೇನೆ. ರೈಲು ಕಂಪನಿಯೇ ಕಟ್ಟಿಸಿದ್ದು. ವಾಸ್ತುಶಿಲ್ಪಿ ಆಲಿವರ್ ಹಿಲ್. ದಂಡೆಯ ತಿರುವಿಗೆ ತಕ್ಕಂತೆ ಬಾಗಿದ ಬಿಳಿ ಕಟ್ಟಡ, ನಡುವೆ ಸುರುಳಿ ಮೆಟ್ಟಿಲಿನ ಗೋಪುರ. ಗೋಪುರದ ಮೇಲೆ ಶಿಲ್ಪಿ ಎರಿಕ್ ಗಿಲ್ ಕೆತ್ತಿದ ಎರಡು ಕಡಲ್ಗುದುರೆಗಳು. ಒಳಗಿನ ವೃತ್ತಾಕಾರದ ಕೋಣೆಯ ಗೋಡೆಗೆ ಎರಿಕ್ ರವಿಲಿಯಸ್ ಚಿತ್ರ ಬರೆದರು. ಹಸಿ ಗಾರೆ ಸರಿಯಾಗಿ ಒಣಗಿರಲಿಲ್ಲ, ಕೆಲವೇ ವರ್ಷಗಳಲ್ಲಿ ಚಿತ್ರ ಹಾಳಾಯಿತು. ಕಡಲ ಗಾಳಿ, ಉಪ್ಪು, ತೇವ ಯಾವುದನ್ನೂ ಸುಮ್ನೆ ಬಿಡುವುದಿಲ್ಲ. ಇಲ್ಲಿ ಕಟ್ಟಿದ ಪ್ರತಿಯೊಂದಕ್ಕೂ ವರ್ಷ ವರ್ಷ ದುಡ್ಡು ಸುರಿಯಬೇಕು.

ಒಂದೊಂದಾಗಿ ಬಿದ್ದದ್ದು

1960ರ ದಶಕದಿಂದ ಎರಡೂ ಕಡೆಯಿಂದ ಏಟು ಬಿತ್ತು. ಇತ್ತ ಉಣ್ಣೆ ಮತ್ತು ಹತ್ತಿ ಗಿರಣಿಗಳು ಮುಚ್ಚತೊಡಗಿದವು, ವೇಕ್ಸ್ ವಾರದ ಜೊತೆಗೇ ಆ ಸರದಿಯ ಗಿರಾಕಿಗಳೂ ಕರಗಿದರು. ಅತ್ತ ಸ್ಪೇನಿನ ಪ್ಯಾಕೇಜ್ ಟೂರ್‌ಗಳು ಸಾಮಾನ್ಯ ಸಂಬಳಕ್ಕೂ ಎಟುಕಿದವು. ಯಾರ್ಕ್‌ಶೈರ್ ಕಡೆಯಿಂದ ನೇರವಾಗಿ ಬರುತ್ತಿದ್ದ ಗ್ರೀನ್ ಏರ್ ರೈಲು ಮಾರ್ಗ 1966ರಲ್ಲಿ ಮುಚ್ಚಿತು. ಲೀಡ್ಸ್ ರೈಲು ಈಗಲೂ ಇದೆ, ಬೇರೆ ಹಳಿಯ ಮೇಲೆ, ದಿನಕ್ಕೆ ಕೆಲವೇ ಸಲ.

ಗಿರಾಕಿ ಕಡಿಮೆಯಾದಾಗ ಮೊದಲು ನಿಲ್ಲುವುದು ರಿಪೇರಿ. ಆಮೇಲೆ ಬಿರುಗಾಳಿ ತನ್ನ ಕೆಲಸ ಮಾಡುತ್ತದೆ. ಈಜುಕೊಳ 1975ರಲ್ಲಿ ಮುಚ್ಚಿತು, ಮರುವರ್ಷ ಕೆಡವಿದರು. 1977ರ ನವೆಂಬರ್ ಬಿರುಗಾಳಿ ವೆಸ್ಟ್ ಎಂಡ್ ಪಿಯರ್ ಅನ್ನು ಮುರಿದು ಹಾಕಿತು. ಅದೇ ವರ್ಷ ವಿಂಟರ್ ಗಾರ್ಡನ್ಸ್‌ಗೆ ಬೀಗ ಬಿತ್ತು. ಸೆಂಟ್ರಲ್ ಪಿಯರ್ 1992ರಲ್ಲಿ ಹೋಯಿತು. 1994ರಲ್ಲಿ ದಂಡೆಯ ಮೇಲಿದ್ದ ರೈಲು ನಿಲ್ದಾಣವನ್ನೇ ಊರೊಳಕ್ಕೆ ಸರಿಸಿದರು. ಮಿಡ್‌ಲ್ಯಾಂಡ್ ಹೋಟೆಲ್ 1998ರಲ್ಲಿ ಮುಚ್ಚಿತು. ಎಪ್ಪತ್ತರ ದಶಕದ ನಡುವಿನಿಂದ ಇಪ್ಪತ್ತೈದೇ ವರ್ಷದಲ್ಲಿ ಪೋಸ್ಟ್‌ಕಾರ್ಡಿನ ಮೋರ್‌ಕಮ್ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಯಿತು.

ಇದೇ ಹೊತ್ತಿಗೆ ಆಡಳಿತವೂ ಕೈತಪ್ಪಿತು. 1974ರ ಸ್ಥಳೀಯ ಆಡಳಿತದ ಬದಲಾವಣೆಯಲ್ಲಿ ಮೋರ್‌ಕಮ್ ಮತ್ತು ಹೀಶಮ್‌ನ ಸ್ವಂತ ನಗರಸಭೆ ಲ್ಯಾಂಕ್ಯಾಸ್ಟರ್ ಜಿಲ್ಲೆಯೊಳಗೆ ಸೇರಿಹೋಯಿತು. ತನ್ನದೇ ಟೌನ್ ಕೌನ್ಸಿಲ್ ಮತ್ತೆ ಬಂದದ್ದು 2009ರಲ್ಲಿ, ಅದೂ ಸಣ್ಣ ಅಧಿಕಾರಗಳೊಂದಿಗೆ. ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ ಎಲ್ಲ ಲ್ಯಾಂಕ್ಯಾಸ್ಟರ್‌ನಲ್ಲಿವೆ. ತನ್ನ ಊರಿನ ಬಗ್ಗೆ ಪಕ್ಕದ ಊರಿನಲ್ಲಿ ಕೂತು ತೀರ್ಮಾನ ಆಗುತ್ತದೆ ಅನ್ನುವ ಕೊರಗು ಇಲ್ಲಿಯ ಜನರಲ್ಲಿ ಇವತ್ತೂ ಇದೆ. ಅದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ.

ಕೋಣೆಗಳಿಗೆ ಏನಾಯಿತು

ಅಟ್ಟಣೆ ಬಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಬೋರ್ಡಿಂಗ್ ಹೌಸ್ ಬೀಳುವುದು ಹಾಗಲ್ಲ.

ಪ್ರವಾಸಿಗರು ಕಡಿಮೆಯಾದ ಹೊತ್ತಿಗೆ ಹೀಶಮ್‌ನಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟುವ ಕೆಲಸ ನಡೆಯುತ್ತಿತ್ತು. ಮೊದಲನೆಯದು 1983ರಲ್ಲಿ, ಎರಡನೆಯದು 1988ರಲ್ಲಿ ವಿದ್ಯುತ್ ಕೊಡತೊಡಗಿದವು. ಕಟ್ಟಡ ಕೆಲಸಗಾರರಿಗೆ ಇರಲು ಕೋಣೆ ಬೇಕಿತ್ತು, ಬೋರ್ಡಿಂಗ್ ಹೌಸ್‌ನವರಿಗೆ ಬಾಡಿಗೆ ಬೇಕಿತ್ತು. ವಾರದ ಅತಿಥಿಯ ಜಾಗಕ್ಕೆ ತಿಂಗಳುಗಟ್ಟಲೆ ಇರುವ ಕೂಲಿಯವನು ಬಂದ. ಆಗ ಇದು ಒಳ್ಳೆಯದೇ ಅನಿಸಿರಬೇಕು, ಚಳಿಗಾಲದಲ್ಲೂ ಕಾಸು ಬರುತ್ತಿತ್ತಲ್ಲ. ಸ್ಥಾವರದ ಕೆಲಸ ಮುಗಿಯಿತು, ಅವರೂ ಗಂಟುಮೂಟೆ ಕಟ್ಟಿದರು. ಉಳಿದದ್ದು ಬಳಸಿ ಸವೆದ ಮನೆಗಳು, ಪ್ರವಾಸಿ ಮತ್ತೆ ಕಾಲಿಡದಂಥವು.

ಆಮೇಲೆ ಬಂದವರು ಸರ್ಕಾರದ ಬಾಡಿಗೆ ನೆರವಿನ ಮೇಲೆ ಬದುಕುವವರು. ಇಂಗ್ಲೆಂಡಿನ ಎಷ್ಟೋ ಕಡಲೂರುಗಳಲ್ಲಿ ಇದೇ ಆಗಿದೆ. ಲೆಕ್ಕ ಬಹಳ ಸುಲಭ. ಮನೆಗೆ ಇಲ್ಲಿ ಬೆಲೆ ಇಲ್ಲ. ಬಾಡಿಗೆ ನೆರವಿನ ಮೊತ್ತ ಗೊತ್ತು ಮಾಡುವುದು ಸುತ್ತಲಿನ ದೊಡ್ಡ ಪ್ರದೇಶದ ಬಾಡಿಗೆ ನೋಡಿ. ಅಗ್ಗದ ಬೀದಿಯಲ್ಲಿ ಒಂದು ಮನೆ ಕೊಂಡು, ಅದನ್ನು ಆರೇಳು ಒಂಟಿ ಕೋಣೆಗಳಾಗಿ ಸೀಳಿ, ಕೋಣೆಗೊಬ್ಬರನ್ನು ಇಟ್ಟರೆ, ಒಂದು ಕುಟುಂಬಕ್ಕೆ ಕೊಡುವುದಕ್ಕಿಂತ ಜಾಸ್ತಿ ಹುಟ್ಟುತ್ತದೆ. ಬಾಡಿಗೆ ಸರ್ಕಾರದಿಂದ ಬರುವುದರಿಂದ ಮನೆ ಚೆನ್ನಾಗಿಡಬೇಕೆಂಬ ಒತ್ತಡವೂ ಇಲ್ಲ. ಬೇರೆ ಊರುಗಳಲ್ಲಿ ಕೋಣೆ ಸಿಗದ ಜನ, ಕೆಲಸ ಕಳೆದುಕೊಂಡವರು, ಕಾಯಿಲೆಯವರು, ಜೈಲಿನಿಂದ ಬಂದವರು, ಕುಡಿತಕ್ಕೋ ಮಾದಕ ವಸ್ತುವಿಗೋ ಸಿಕ್ಕಿಕೊಂಡವರು ಅಗ್ಗದ ಕೋಣೆ ಹುಡುಕಿ ಇಲ್ಲಿಗೆ ಬಂದರು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ತಲೆ ಮೇಲೊಂದು ಸೂರು ಸಿಕ್ಕ ಕಡೆ ಯಾರಾದರೂ ಹೋಗುತ್ತಾರೆ ಅಲ್ವಾ? ಆದರೆ ನೆರವು ಹೆಚ್ಚು ಬೇಕಾದವರು ಒಂದೇ ನಾಲ್ಕು ಬೀದಿಯಲ್ಲಿ ಸೇರಿದರು, ಆ ಬೀದಿಯ ಸುತ್ತ ಕೆಲಸ ಇಲ್ಲ, ವೈದ್ಯರು ಸಾಲುವುದಿಲ್ಲ, ಶಾಲೆಯ ಮಕ್ಕಳು ವರ್ಷದ ನಡುವೆ ಬಂದು ನಡುವೆಯೇ ಹೋಗುತ್ತಾರೆ.

ಇದು ಮೋರ್‌ಕಮ್ ಒಂದರ ಕತೆ ಅಲ್ಲ ಅನ್ನುವುದು ಮೇಲಿನವರಿಗೂ ಗೊತ್ತಿದೆ. 2019ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಸಮಿತಿ ಕಡಲೂರುಗಳ ಭವಿಷ್ಯದ ಬಗ್ಗೆ ವರದಿ ಕೊಟ್ಟಿತು. 2021ರಲ್ಲಿ ಇಂಗ್ಲೆಂಡಿನ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ತಮ್ಮ ವಾರ್ಷಿಕ ವರದಿಯನ್ನು ಪೂರ್ತಿ ಕರಾವಳಿ ಜನರ ಆರೋಗ್ಯಕ್ಕೇ ಮೀಸಲಿಟ್ಟರು. ಹಳೆ ಅತಿಥಿಗೃಹಗಳು ಒಂಟಿ ಕೋಣೆಯ ಬಾಡಿಗೆ ಮನೆಗಳಾದದ್ದು, ಋತುಮಾನದ ಕೆಲಸ, ಕಳಪೆ ಸಾರಿಗೆ ಇವನ್ನೆಲ್ಲ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಒಂದು ಕಾಲಕ್ಕೆ 'ಸುತ್ತ ಸೊಬಗು, ತುಂಬ ಆರೋಗ್ಯ' ಅನ್ನುವ ಅರ್ಥದ ಧ್ಯೇಯವಾಕ್ಯ ಇಟ್ಟುಕೊಂಡಿದ್ದ ಊರು ಈ ವರದಿ ಹೇಳುವ ಪಟ್ಟಿಗೆ ಸೇರಿದ್ದು ನನಗೆ ನಿಜಕ್ಕೂ ನೋವಿನ ವಿಷಯ.

ದಂಡೆಗೆ ಹಚ್ಚಿದ ಮದ್ದುಗಳು

ಇಷ್ಟಾದರೂ ದುಡ್ಡು, ಗಮನ ಎರಡೂ ಹೋದದ್ದು ಯಾವುದಾದರೂ ಒಂದು ದೊಡ್ಡ ಆಕರ್ಷಣೆಯ ಕಡೆಗೆ. 1987ರಲ್ಲಿ ಹಳೆಯ ಅಮ್ಯೂಸ್‌ಮೆಂಟ್ ಪಾರ್ಕಿಗೆ ಅಮೆರಿಕದ ಕೌಬಾಯ್ ವೇಷ ಹಾಕಿ ಫ್ರಾಂಟಿಯರ್‌ಲ್ಯಾಂಡ್ ಅಂತ ಹೆಸರಿಟ್ಟರು. ಶತಮಾನ ಮುಗಿಯುವ ಹೊತ್ತಿಗೆ ಅದೂ ಮುಚ್ಚಿತು. ಆ ಜಾಗ ವರ್ಷಗಟ್ಟಲೆ ಖಾಲಿ ಬಿತ್ತು.

1994ರದ್ದು ಇನ್ನೂ ಕಹಿ ಅನುಭವ. ಟಿವಿಯಲ್ಲಿ ಆಗ ಮಿಸ್ಟರ್ ಬ್ಲಾಬಿ ಎಂಬ ಗುಲಾಬಿ ಬಣ್ಣದ ವೇಷಗೊಂಬೆ ತುಂಬಾ ಜನಪ್ರಿಯವಾಗಿತ್ತು. ಅದರ ಹೆಸರಿನಲ್ಲಿ ಹ್ಯಾಪಿ ಮೌಂಟ್ ಪಾರ್ಕಿನಲ್ಲಿ ಥೀಮ್ ಪಾರ್ಕ್ ತೆರೆದರು. ಲ್ಯಾಂಕ್ಯಾಸ್ಟರ್ ಕೌನ್ಸಿಲ್ ದುಡ್ಡು ಹಾಕಿತು. 13 ವಾರಕ್ಕೆ ಮುಚ್ಚಿತು. ಸಾರ್ವಜನಿಕರ ಸುಮಾರು 20 ಲಕ್ಷ ಪೌಂಡ್ ಹೋಯಿತು. ದುಡ್ಡಿಗಿಂತ ದೊಡ್ಡ ನಷ್ಟ ನಂಬಿಕೆಯದ್ದು. ಇದಾದ ಮೇಲೆ ಹೊಸದು ಏನು ಬಂದರೂ ಊರಿನವರು ಮೊದಲು ಅನುಮಾನದಿಂದ ನೋಡುವಂತಾಯಿತು. ಆ ಗೊಂಬೆಗೂ ಈ ಕೊಲ್ಲಿಗೂ ಏನು ಸಂಬಂಧ? ಅದನ್ನು ಯಾವ ಊರಿನಲ್ಲಿ ಬೇಕಾದರೂ ಇಡಬಹುದಿತ್ತು. ಎಲ್ಲಿ ಬೇಕಾದರೂ ಸಿಗುವುದನ್ನು ನೋಡಲು ಜನ ಹೆದ್ದಾರಿ ಬಿಟ್ಟು ಇಷ್ಟು ದೂರ ಯಾಕೆ ಬರುತ್ತಾರೆ?

ಇದಕ್ಕೆ ಪೂರ್ತಿ ವಿರುದ್ಧವಾದದ್ದು ಒಂದು ನಡೆಯಿತು, ಸದ್ದಿಲ್ಲದೆ. ಬಿರುಗಾಳಿಗಳ ನಂತರ ದಂಡೆಗೆ ಹೊಸ ತಡೆಗೋಡೆ, ಬಂಡೆಗಲ್ಲಿನ ಕಟ್ಟೆಗಳು ಬಂದವು. ಕಡಲು ಒಳನುಗ್ಗದಂತೆ ಮಾಡುವ ಕೆಲಸ ಅದು, ಪ್ರವಾಸೋದ್ಯಮಕ್ಕೆ ಅಂತ ಮಾಡಿದ್ದಲ್ಲ. ಆದರೆ ಆ ನೆಪದಲ್ಲಿ ಕಾಲುದಾರಿ ಅಗಲವಾಯಿತು. 1990ರ ದಶಕದಲ್ಲಿ ಟರ್ನ್ ಎಂಬ ಕಡಲಹಕ್ಕಿಯ ಹೆಸರಿನಲ್ಲಿ ಟರ್ನ್ ಯೋಜನೆ ಅಂತ ಮಾಡಿ ದಾರಿಯುದ್ದಕ್ಕೂ ಕೊಲ್ಲಿಯ ಹಕ್ಕಿಗಳ ಶಿಲ್ಪಗಳನ್ನು ಇಟ್ಟರು. ಹಳೆಯ ಬಂದರಿನ ಕಲ್ಲುಕಟ್ಟೆಯನ್ನು ಸರಿಪಡಿಸಿ ನಡೆದಾಡಲು ಬಿಟ್ಟರು. ಈ ಊರಿನಲ್ಲೇ 1926ರಲ್ಲಿ ಹುಟ್ಟಿ, ಊರಿನ ಹೆಸರನ್ನೇ ತನ್ನ ಹೆಸರು ಮಾಡಿಕೊಂಡ ಹಾಸ್ಯನಟ ಎರಿಕ್ ಮೋರ್‌ಕಮ್ ಅವರ ಪ್ರತಿಮೆಯನ್ನು 1999ರಲ್ಲಿ ರಾಣಿ ಎಲಿಜಬೆತ್ ಅನಾವರಣ ಮಾಡಿದರು. ಒಂದು ಕಾಲೆತ್ತಿ ಕುಣಿಯುವ ಭಂಗಿ, ಕೊರಳಲ್ಲಿ ಬೈನಾಕ್ಯುಲರ್. ಅವರಿಗೆ ಹಕ್ಕಿ ನೋಡುವ ಹುಚ್ಚಿತ್ತು. ಫೋಟೋ ತೆಗೆಸಿಕೊಳ್ಳಲು ಜನ ಇವತ್ತೂ ನಿಲ್ಲುತ್ತಾರೆ. ಊರಿನದೇ ಮನುಷ್ಯ, ಊರಿನದೇ ಹಕ್ಕಿ, ಊರಿನದೇ ನೋಟ. ಇವು ಉಳಿದವು.

ಮಿಡ್‌ಲ್ಯಾಂಡ್ ಹೋಟೆಲನ್ನು ಅರ್ಬನ್ ಸ್ಪ್ಲಾಶ್ ಎಂಬ ಕಂಪನಿ ಕೊಂಡು, ರಿಪೇರಿ ಮಾಡಿ 2008ರಲ್ಲಿ ತೆರೆಯಿತು. ವಿಂಟರ್ ಗಾರ್ಡನ್ಸ್ ಅನ್ನು ಊರಿನ ಸ್ವಯಂಸೇವಕರೇ ವರ್ಷಗಟ್ಟಲೆ ಹಿಡಿದು ನಿಲ್ಲಿಸಿದರು, ಅವರ ಟ್ರಸ್ಟ್ 2006ರಲ್ಲಿ ಅದನ್ನು ಕೊಂಡಿತು. 1939ರ ಬ್ರುಚ್ಚಿಯಾನಿ ಐಸ್‌ಕ್ರೀಂ ಅಂಗಡಿ ಇನ್ನೂ ಇದೆ. ಕೊಲ್ಲಿಯ ಕಂದು ಸಿಗಡಿಯನ್ನು ಬೇಯಿಸಿ, ಸುಲಿದು, ಜಾಪತ್ರೆ ಹಾಕಿದ ಬೆಣ್ಣೆಯಲ್ಲಿ ಹೆಪ್ಪುಗಟ್ಟಿಸಿ ಸಣ್ಣ ಡಬ್ಬಿಯಲ್ಲಿ ಮಾರುವ ತಿನಿಸು ಇಲ್ಲಿಯ ಹೆಮ್ಮೆ. ಫುಟ್‌ಬಾಲ್ ಕ್ಲಬ್ ಕೂಡ 2025ರ ಬೇಸಿಗೆಯಲ್ಲಿ ಮುಳುಗುವುದರಲ್ಲಿತ್ತು. ಕೊನೆ ಗಳಿಗೆಯಲ್ಲಿ ಪಂಜಾಬ್ ವಾರಿಯರ್ಸ್ ಎಂಬ ಹೂಡಿಕೆದಾರರ ಗುಂಪು ಕೊಂಡು ಉಳಿಸಿತು, ಸಿಖ್ ತರಬೇತುದಾರ ಅಶ್ವೀರ್ ಸಿಂಗ್ ಜೋಹಲ್ ಅವರನ್ನು ಮ್ಯಾನೇಜರ್ ಮಾಡಿತು. ಪಂದ್ಯದ ದಿನ ಬರುವ ಹೊರಗಿನವರ ದುಡ್ಡು ಇಂಥ ಊರಿಗೆ ಸಣ್ಣದೇನಲ್ಲ.

ಮರಳಿನ ಮೇಲೆ ಸತ್ತವರು

2004ರ ಫೆಬ್ರವರಿ 5ರ ರಾತ್ರಿಯನ್ನು ಬಿಟ್ಟು ಈ ಕೊಲ್ಲಿಯ ಆರ್ಥಿಕತೆ ಬಗ್ಗೆ ಬರೆಯುವುದು ಸರಿಯಲ್ಲ. ಹೆಸ್ಟ್ ಬ್ಯಾಂಕ್ ಹತ್ತಿರದ ಮರಳಿನಲ್ಲಿ ಕಾಕಲ್ ಎಂಬ ಚಿಪ್ಪು ಹೆಕ್ಕಲು ಚೀನಾದಿಂದ ಬಂದ ಕೆಲಸಗಾರರ ಗುಂಪನ್ನು ಇಳಿಸಿದ್ದರು. ನಮ್ಮ ಕರಾವಳಿಯವರು ತಿನ್ನುವ ಬಳಚಿನಂಥ ಚಿಪ್ಪು ಅದು. 25 ಕಿಲೋ ಚೀಲಕ್ಕೆ ಅವರಿಗೆ ಕೊಡುತ್ತಿದ್ದದ್ದು 5 ಪೌಂಡ್. ಕತ್ತಲಲ್ಲಿ ಉಬ್ಬರ ಸುತ್ತಿಕೊಂಡಿತು. ಕನಿಷ್ಠ 21 ಜನ ಸತ್ತರು. ಅವರಿಗೆ ಕೊಲ್ಲಿಯ ನೀರು ಹೇಗೆ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ, ಸಹಾಯ ಕೇಳಲು ಭಾಷೆಯೂ ಬರುತ್ತಿರಲಿಲ್ಲ. ಅವರನ್ನು ದುಡಿಸುತ್ತಿದ್ದವನಿಗೆ 2006ರಲ್ಲಿ ಜೈಲು ಶಿಕ್ಷೆಯಾಯಿತು. ಕೂಲಿ ಗುತ್ತಿಗೆದಾರರು ಪರವಾನಗಿ ಪಡೆಯಲೇಬೇಕೆಂಬ ಕಾನೂನು 2004ರಲ್ಲೇ ಬಂತು. ಬ್ರಾಬ್ ನೆಟ್ಟು ದಾರಿ ತೋರಿಸುವ ಜ್ಞಾನ ಶತಮಾನಗಳಿಂದ ಇದ್ದ ಅದೇ ಕೊಲ್ಲಿಯಲ್ಲಿ ಇದು ನಡೆಯಿತು. ಮರಳಿನಲ್ಲಿ ದುಡ್ಡಿತ್ತು, ಆದರೆ ಅದು ಊರಿಗೂ ಸಿಗಲಿಲ್ಲ, ದುಡಿದವರಿಗೂ ಸಿಗಲಿಲ್ಲ.

ಈಗ ಈಡನ್

ಕಾರ್ನ್‌ವಾಲ್‌ನಲ್ಲಿ ಹಳೆಯ ಮಣ್ಣಿನ ಗಣಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಯ ಗುಮ್ಮಟದಂಥ ಮನೆಗಳಲ್ಲಿ ಕಾಡು ಬೆಳೆಸಿದ ಈಡನ್ ಪ್ರಾಜೆಕ್ಟ್‌ನವರು ಈಗ ಮೋರ್‌ಕಮ್‌ಗೆ ಬರುತ್ತಿದ್ದಾರೆ. ಜಾಗ ಮಿಡ್‌ಲ್ಯಾಂಡ್ ಹೋಟೆಲ್ ಪಕ್ಕ, ಹಳೆಯ ಈಜುಕೊಳ ಇದ್ದ ಕಡೆಯೇ. 2022ರ ಜನವರಿಯಲ್ಲಿ ಅನುಮತಿ ಸಿಕ್ಕಿತು. 2023ರ ಜನವರಿಯಲ್ಲಿ ಸರ್ಕಾರ 5 ಕೋಟಿ ಪೌಂಡ್ ಕೊಡುವುದಾಗಿ ಹೇಳಿತು. ಒಟ್ಟು ಖರ್ಚು ಸುಮಾರು 10 ಕೋಟಿ ಪೌಂಡ್. ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ ಅನ್ನುವುದು ಯೋಜನೆಯವರ ಅಂದಾಜು. ಮೊದಲು 2024ಕ್ಕೇ ತೆರೆಯುವ ಮಾತಿತ್ತು, ಅದು ಮುಂದಕ್ಕೆ ಹೋಗುತ್ತಲೇ ಬಂದಿದೆ.

ನನಗೆ ಇದರ ಮೇಲೆ ಭರವಸೆ ಇದೆ. ಕಾರಣ, ಇದು ಕೊಲ್ಲಿಯ ಬಗ್ಗೆಯೇ ಇರುವ ಯೋಜನೆ. ಉಬ್ಬರ ಇಳಿತ, ಹಗಲು ರಾತ್ರಿ, ಇಲ್ಲಿಯ ಜೀವಗಳು, ಚಿಪ್ಪಿನ ಆಕಾರದ ಕಟ್ಟಡ. ಬ್ಲಾಬಿ ಪಾರ್ಕಿನ ತಪ್ಪು ಇಲ್ಲಿಲ್ಲ. ಕೆಸರನ್ನು ಕೊರತೆ ಅಂತ ಮುಚ್ಚಿಡದೆ, ಅದನ್ನೇ ನೋಡಲು ಬನ್ನಿ ಅಂತ ಇಷ್ಟು ದೊಡ್ಡದಾಗಿ ಕರೆಯುತ್ತಿರುವುದು ಇದೇ ಮೊದಲು. ಹಕ್ಕಿ ಹೆಚ್ಚು ಬರುವುದು ಚಳಿಗಾಲದಲ್ಲಿ ಆದ್ದರಿಂದ ಬೇಸಿಗೆಯಾಚೆಗೂ ಕೆಲಸ ಸಿಗುವ ಸಾಧ್ಯತೆ ಇದೆ.

ಭಯವೂ ಇದೆ. ಏಳು ಲಕ್ಷ ಜನ ಬಂದು, ಒಳಗೇ ತಿಂದು, ಸಂಜೆಗೆ ಕಾರು ಹತ್ತಿ ಹೋದರೆ ಊರಿಗೆ ದಕ್ಕುವುದು ವಾಹನದ ಹೊಗೆ ಮಾತ್ರ. ಅವರು ರಾತ್ರಿ ಉಳಿಯಬೇಕು. ಉಳಿಯಲು ಬೇಕಾದ ಸಾವಿರಾರು ಕೋಣೆಗಳು ಒಂದು ಕಾಲಕ್ಕೆ ಇದ್ದವು, ಈಗ ಅವುಗಳಲ್ಲಿ ಬೇರೆ ಜನ ಬದುಕುತ್ತಿದ್ದಾರೆ. ಈಡನ್ ಹೆಸರು ಕೇಳಿ ಮನೆ ಮಾಲೀಕರು ಆ ಕೋಣೆಗಳನ್ನು ಮತ್ತೆ ಪ್ರವಾಸಿಗರಿಗೆ ತಿರುಗಿಸಿದರೆ, ಅಲ್ಲಿರುವ ಬಡವರು ಎಲ್ಲಿಗೆ ಹೋಗಬೇಕು? ತಿರುಗಿಸದೆ ಈಗಿರುವ ಹಾಗೇ ಬಿಟ್ಟರೆ ಮುಂದೆ ಹೊಳೆಯುವ ಗುಮ್ಮಟ, ಹಿಂದೆ ಅದೇ ತೇವ ಹಿಡಿದ ಕೋಣೆ.

ಇದಕ್ಕೆ ಒಂದು ಸಣ್ಣ ಮಾದರಿ ವೆಸ್ಟ್ ಎಂಡ್‌ನಲ್ಲೇ ಇದೆ. ಚಾಟ್ಸ್‌ವರ್ತ್ ಗಾರ್ಡನ್ಸ್ ಸುತ್ತಲಿನ ಹಳೆ ಮನೆಗಳನ್ನು ಕೆಡವಿ ಹೊಸದು ಕಟ್ಟುವ ಯೋಜನೆ 2008ರ ಆರ್ಥಿಕ ಹಿಂಜರಿತದಲ್ಲಿ ನಿಂತುಹೋಗಿತ್ತು. ಮನೆಗಳಿಗೆ ಹಲಗೆ ಬಡಿದು ವರ್ಷಗಳೇ ಕಳೆದವು. ಕೊನೆಗೆ ಪ್ಲೇಸ್‌ಫಸ್ಟ್ ಎಂಬ ಸಂಸ್ಥೆ ಕೆಡವುವುದನ್ನು ಬಿಟ್ಟು, ಸೀಳಿದ ಕೋಣೆಗಳನ್ನು ಮತ್ತೆ ಕೂಡಿಸಿ, ಕುಟುಂಬಗಳು ಇರಬಹುದಾದ ಬಾಡಿಗೆ ಮನೆಗಳಾಗಿ ಮಾಡಿತು. ಹೊರಗಿನ ಹಳೆಯ ಕಲ್ಲಿನ ಮುಖ ಹಾಗೇ ಉಳಿಯಿತು. ಈಡನ್‌ಗೆ ಸುರಿಯುವ ದುಡ್ಡಿನ ಒಂದು ಪಾಲನ್ನು ಇಂಥ ಇನ್ನಷ್ಟು ಬೀದಿಗಳಿಗೆ, ಗುಮ್ಮಟದ ಬಾಗಿಲು ತೆರೆಯುವ ಮೊದಲೇ ಹಾಕಬೇಕು. ಮನೆ ಬೆಲೆ ಏರಿದ ಮೇಲೆ ಕೌನ್ಸಿಲ್‌ಗೆ ಅವನ್ನು ಕೊಳ್ಳುವ ಶಕ್ತಿ ಇರುವುದಿಲ್ಲ.